ನಿಮ್ಮ ಅರ್ಜಿಯಲ್ಲಿ ಡ್ರೈವರಿನ ನಿದ್ದೆಗೂ ಒಂದು ಕಾಲಂ ಇರಲಿ

ಗೆ,
ಮಾನ್ಯ ವಾರ್ತಾ ಮತ್ತು ಪ್ರಸಾರ ಸಚಿವರು, ಭಾರತ ಸರ್ಕಾರ, ನವದೆಹಲಿ
ಹಾಗೂ
ಮಾನ್ಯ ಮುಖ್ಯಮಂತ್ರಿಗಳು, ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ವಿದೇಶಿ ಚಿತ್ರೀಕರಣಗಳಿಗೆ ಕೊಡುವ ಪ್ರೋತ್ಸಾಹಧನ ಮತ್ತು ಅಲ್ಲಿ ದುಡಿಯುವವರ ಸ್ಥಿತಿ

ಮಾನ್ಯರೇ,

ಹಿರಿಯೂರು ದಾಟಿ ಶಿರಾ ಕಡೆಗೆ ಬರುವ ಹೆದ್ದಾರಿಯಲ್ಲಿ, ಬೆಳಗಿನ ಜಾವ ನಾಲ್ಕೂವರೆಗೆ, ನಮ್ಮ ಕ್ಯಾಮೆರಾ ಗಾಡಿ ಡಿವೈಡರಿಗೆ ಹೊಡೆದು ನಿಂತಿತು. ಹಂಪಿಯಲ್ಲಿ ಹನ್ನೊಂದು ದಿನದ ವಿದೇಶಿ ಶೂಟಿಂಗ್ ಮುಗಿದು ಸಾಮಾನು ಬೆಂಗಳೂರಿಗೆ ವಾಪಸು ಬರುತ್ತಿತ್ತು. ಫೋನ್ ಬಂದಾಗ ನಾನು ಹೊಸಪೇಟೆಯ ಹೋಟೆಲಿನಲ್ಲಿ ಮಲಗಿದ್ದೆ. "ಅಕ್ಕಾ, ಗಾಡಿ ಬಡೀತು" ಅಂದರು ಡ್ರೈವರ್. ನನ್ನ ಬಾಯಿಂದ ಬಂದ ಮೊದಲ ಮಾತು, "ಲೆನ್ಸ್ ಪೆಟ್ಟಿಗೆ ಹೆಂಗಿದೆ?"

ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ಅವರ ಕಾಲರ್ ಬೋನ್ ಮುರಿದಿತ್ತು. ಹಿಂದಿನ ದಿನ ಮೂರಕ್ಕೆ ಎದ್ದು, ನಾಲ್ಕಕ್ಕೆ ಹೋಟೆಲಿನಿಂದ ಕ್ಯಾಮೆರಾ ಹುಡುಗರನ್ನು ಹತ್ತಿಸಿಕೊಂಡು, ಮಾತಂಗ ಬೆಟ್ಟದ ಬುಡದಲ್ಲಿ ಸೂರ್ಯೋದಯದ ಶಾಟಿಗೆ ಇಳಿಸಿ, ದಿನವಿಡೀ ಆಚೆ ಈಚೆ ಓಡಾಡಿ, ರಾತ್ರಿ ಎಂಟಕ್ಕೆ ಪ್ಯಾಕಪ್ ಆದಮೇಲೆ ಸಾಮಾನು ತುಂಬಿಸಿಕೊಂಡು, ಹನ್ನೆರಡೂವರೆಗೆ ಹೊರಟಿದ್ದರು. ಮಧ್ಯಾಹ್ನದೊಳಗೆ ಬಾಡಿಗೆ ಕ್ಯಾಮೆರಾ ವಾಪಸು ಕೊಡದಿದ್ದರೆ ಇನ್ನೊಂದು ದಿನದ ಬಾಡಿಗೆ ಬೀಳುತ್ತಿತ್ತು. ಹೊರಡಿಸಿದ್ದು ನಾನೇ. ಅವರ ಆಸ್ಪತ್ರೆ ಖರ್ಚನ್ನು ಪೆಟ್ಟಿ ಕ್ಯಾಶಿನಿಂದ ಕೊಟ್ಟು, ಲೆಕ್ಕದಲ್ಲಿ 'ಲೊಕೇಶನ್ – ಇತರೆ' ಎಂದು ಬರೆದವಳೂ ನಾನೇ.

ಆ ದಿನದ ಡೇಲಿ ರಿಪೋರ್ಟ್ ಇನ್ನೂ ನನ್ನ ಬಳಿ ಇದೆ. ಅದರಲ್ಲಿ ಒಂದು ಸಾಲು: 'ಅಪಘಾತ: ಇಲ್ಲ'. ಸುಳ್ಳಲ್ಲ. ಯೂನಿಟ್ಟಿನ ದಿನ ರಾತ್ರಿ ಎಂಟಕ್ಕೇ ಮುಗಿದಿತ್ತು. ಮುಗಿಯದೇ ಇದ್ದದ್ದು ಡ್ರೈವರಿನ ದಿನ.

ಹದಿನೆಂಟು ವರ್ಷದಿಂದ ನನ್ನ ಹೊಟ್ಟೆಪಾಡು ಇದೇ. ಹೊರದೇಶದಿಂದ ಸಿನಿಮಾ, ಸೀರಿಸ್, ಡಾಕ್ಯುಮೆಂಟರಿ, ಜಾಹೀರಾತು ಎಂದು ಬರುವ ತಂಡಗಳಿಗೆ ಇಲ್ಲಿಯ ಜನ, ಗಾಡಿ, ಜಾಗ, ಪರವಾನಗಿ ಹೊಂದಿಸಿಕೊಡುವ ಪ್ರೊಡಕ್ಷನ್ ಕೋಆರ್ಡಿನೇಟರ್ ನಾನು. ವಿದೇಶಿಯರು ಬೈದರೆ ನನ್ನನ್ನು ಬೈಯುತ್ತಾರೆ, ಲೈಟ್ ಹುಡುಗರು ಮುನಿದರೆ ನನ್ನ ಮೇಲೆ ಮುನಿಯುತ್ತಾರೆ. ಎರಡೂ ಕಡೆಯ ಅನ್ನ ತಿಂದವಳು, ಹಾಗಾಗಿ ಈ ಪತ್ರದಲ್ಲಿ ನನ್ನ ತಪ್ಪೂ ಸೇರಿದೆ. ಕೇಳುತ್ತಿರುವುದು ಮಾತ್ರ ನಿಮ್ಮನ್ನು. ಏಕೆಂದರೆ ದುಡ್ಡು ಈಗ ನಿಮ್ಮದು.

2022ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ಕೇಂದ್ರ ಸರ್ಕಾರ ವಿದೇಶಿ ಚಿತ್ರೀಕರಣಗಳಿಗೆ ಪ್ರೋತ್ಸಾಹಧನ ಘೋಷಿಸಿತು. ಭಾರತದಲ್ಲಿ ಮಾಡಿದ ಅರ್ಹ ಖರ್ಚಿನ ಶೇ 30ರಷ್ಟು ವಾಪಸು, ಗರಿಷ್ಠ 2 ಕೋಟಿ. 2023ರ ನವೆಂಬರಿನಲ್ಲಿ ಗೋವಾದ ಚಿತ್ರೋತ್ಸವದಲ್ಲಿ ಅದು ಶೇ 40ರವರೆಗೆ, ಗರಿಷ್ಠ 30 ಕೋಟಿಯವರೆಗೆ ಏರಿತು. ಇದರೊಳಗೆ ಒಂದು ಶೇ 5ರ ಹೆಚ್ಚುವರಿ ಇದೆ: ಒಟ್ಟು ಸಿಬ್ಬಂದಿಯಲ್ಲಿ ಶೇ 15ರಷ್ಟಾದರೂ ಭಾರತೀಯರಿರಬೇಕು. ಒಳ್ಳೆಯ ಯೋಚನೆ. ಇದರಿಂದ ಕೆಲಸ ಬಂದಿದೆ, ನನಗೂ ಬಂದಿದೆ. ಆದರೆ ಆ ಶೇ 15ರಲ್ಲಿ ಒಬ್ಬ ಎಷ್ಟು ಗಂಟೆ ಮಲಗಿದ, ಎಲ್ಲಿ ಮಲಗಿದ, ಅವನ ಕೈಗೆ ಕಾಸು ಯಾವಾಗ ಬಂತು ಎಂದು ನಾನು ಕೂತು ತುಂಬಿದ ಯಾವ ಅರ್ಜಿಯೂ ನನ್ನನ್ನು ಕೇಳಿಲ್ಲ. ತಲೆ ಎಣಿಸಿದ್ದೀರಿ.

ಹಂಪಿಯ ಸ್ಮಾರಕದ ಮುಂದೆ ಕ್ಯಾಮೆರಾ ಇಡಬೇಕಾದರೆ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಶುಲ್ಕದ ಜೊತೆ ಠೇವಣಿಯನ್ನೂ ಇಡಬೇಕು. ಕಲ್ಲಿಗೆ ಧಕ್ಕೆಯಾದರೆ ಅದರಲ್ಲೇ ಮುರಿದುಕೊಳ್ಳುತ್ತಾರೆ. ಸಂತೋಷ, ಹಾಗೇ ಆಗಬೇಕು. ಕುದುರೆಯನ್ನೋ ಎತ್ತನ್ನೋ ಫ್ರೇಮಿಗೆ ತರಬೇಕಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು, ಪಶುವೈದ್ಯರ ಕಾಗದ ಬೇಕು. ಅದೂ ಸರಿಯೇ. ಆ ಕುದುರೆಯನ್ನು ಚಾಮರಾಜನಗರದಿಂದ ಲಾರಿಯಲ್ಲಿ ತಂದವನು ಎರಡು ರಾತ್ರಿ ಲಾರಿ ಕೆಳಗೇ ಮಲಗಿದ್ದ ಎಂಬುದಕ್ಕೆ ಯಾವ ಕಾಗದವೂ ಬೇಡ.

ಕಾನೂನೇ ಇಲ್ಲ ಎಂದು ಹೇಳುತ್ತಿಲ್ಲ. 1981ರಲ್ಲೇ ಸಿನಿಮಾ ಕಾರ್ಮಿಕರ ಕಾಯ್ದೆ ಬಂತು, ಲಿಖಿತ ಒಪ್ಪಂದವಿಲ್ಲದೆ ಯಾರನ್ನೂ ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂದಿತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆಡಿಯೋ-ವಿಷುಯಲ್ ಕಾರ್ಮಿಕ ಎಂಬ ಹೆಸರಿನಲ್ಲಿ ಅದನ್ನೇ ಮುಂದುವರಿಸಿದೆ. ನನ್ನ ಹದಿನೆಂಟು ವರ್ಷದಲ್ಲಿ ಕೈಯಲ್ಲಿ ಒಪ್ಪಂದದ ಕಾಗದ ಇಟ್ಟುಕೊಂಡ ಲೈಟ್ ಹುಡುಗನನ್ನು ನಾನು ನೋಡಿಲ್ಲ. ಏಕೆ ಅನ್ನುವುದಕ್ಕೆ ಈ ವ್ಯವಹಾರ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹೇಳಬೇಕು.

ಹೊರದೇಶದ ದೊಡ್ಡ ಸ್ಟುಡಿಯೋ ನೇರವಾಗಿ ಇಲ್ಲಿಗೆ ಬರುವುದಿಲ್ಲ. ಒಂದೊಂದು ಚಿತ್ರಕ್ಕೂ ಅದು ಒಂದೊಂದು ಪ್ರತ್ಯೇಕ ಕಂಪನಿ ತೆರೆಯುತ್ತದೆ. ಚಿತ್ರ ಮುಗಿದು ಲೆಕ್ಕ ಚುಕ್ತಾ ಆದಮೇಲೆ ಆ ಕಂಪನಿಯ ಬಾಗಿಲೂ ಮುಚ್ಚುತ್ತದೆ. ಆ ಕಂಪನಿ ಇಲ್ಲಿಯ ಚಿತ್ರೀಕರಣವನ್ನು ನಡೆಸಿಕೊಡಲು ಇಲ್ಲಿಯದೇ ಒಂದು ಲೈನ್ ಪ್ರೊಡಕ್ಷನ್ ಕಂಪನಿಯನ್ನು ಹಿಡಿಯುತ್ತದೆ. ಲೈನ್ ಕಂಪನಿ ಲೈಟಿಗೊಬ್ಬ, ಜನರೇಟರಿಗೊಬ್ಬ, ಗಾಡಿಗೊಬ್ಬ, ಊಟಕ್ಕೊಬ್ಬ, ಜೂನಿಯರ್ ಆರ್ಟಿಸ್ಟುಗಳಿಗೆ ಒಬ್ಬ ಏಜೆಂಟ್ ಎಂದು ವೆಂಡರುಗಳನ್ನು ಹಿಡಿಯುತ್ತದೆ. ವೆಂಡರ್ ತನ್ನ ಹುಡುಗರನ್ನು ಕಳಿಸುತ್ತಾನೆ. ಹುಡುಗನನ್ನು ಯಾರ ಕಡೆಯವನಪ್ಪಾ ಎಂದು ಕೇಳಿದರೆ ವೆಂಡರಿನ ಹೆಸರು ಹೇಳುತ್ತಾನೆ. ವೆಂಡರನ್ನು ಕೇಳಿದರೆ ಅವನು ದಿನಗೂಲಿ ಮೇಡಂ ಅನ್ನುತ್ತಾನೆ. ಲೈನ್ ಕಂಪನಿಯ ಪುಸ್ತಕದಲ್ಲಿ ಅವನು ಮನುಷ್ಯನೇ ಅಲ್ಲ, ಒಂದು ಬಿಲ್ಲಿನೊಳಗಿನ ಸಂಖ್ಯೆ. ನಿಮಗೆ ಬರುವ ಲೆಕ್ಕಪರಿಶೋಧಕರ ಪ್ರಮಾಣಪತ್ರದಲ್ಲಿ ವೆಂಡರಿಗೆ ಸಂದಾಯವಾದ ಮೊತ್ತ ಪೈಸೆಪೈಸೆ ಸಮೇತ ಇರುತ್ತದೆ. ವೆಂಡರಿನಿಂದ ಆಚೆಗೆ ಅದು ಹರಿಯಿತೋ ಇಲ್ಲವೋ ಅದರಲ್ಲಿ ಕಾಣುವುದಿಲ್ಲ.

ಹರಿಯುವುದಕ್ಕೆ ಎಷ್ಟು ಕಾಲ ಬೇಕು ಗೊತ್ತೇ? ಒಮ್ಮೆ ಯುಗಾದಿಗೆ ಮುಗಿದ ಶೂಟಿಂಗಿನ ಬಾಕಿ ಗಣೇಶನ ಹಬ್ಬ ಕಳೆದರೂ ಬಂದಿರಲಿಲ್ಲ. ವೆಂಡರ್ ನನಗೆ ಫೋನ್ ಮಾಡುತ್ತಿದ್ದ, ನಾನು ಲೈನ್ ಕಂಪನಿಗೆ, ಲೈನ್ ಕಂಪನಿಯವರು ಹೊರದೇಶದ ಅಕೌಂಟೆಂಟಿಗೆ. ಆ ಅಕೌಂಟೆಂಟ್ ಅಷ್ಟು ಹೊತ್ತಿಗೆ ಬೇರೆ ಚಿತ್ರಕ್ಕೆ ಹೋಗಿದ್ದರು, ಅವರ ಹಳೆಯ ಇಮೇಲ್ ವಿಳಾಸವೇ ಸತ್ತುಹೋಗಿತ್ತು. ಜನರೇಟರ್ ಆಪರೇಟರ್ ಒಬ್ಬರು ಮಗಳ ಕಾಲೇಜು ಫೀಸಿಗೆ ನನ್ನ ಬಳಿ ಕೈಸಾಲ ಕೇಳಿದರು. ಅವರದೇ ದುಡ್ಡು ಬರಬೇಕಿತ್ತು, ಕೇಳಿದ್ದು ಸಾಲ.

ಇನ್ನು ಗಂಟೆಗಳ ವಿಷಯ. ನಮ್ಮ ಕಡೆ ಕಾಲ್‌ಶೀಟ್ ಅಂದರೆ ದುಡಿಮೆಯ ಅಳತೆ. ಒಂದು ಕಾಲ್‌ಶೀಟ್, ಒಂದೂವರೆ, ಎರಡು. ಅದರ ಮೇಲೆ ಸಂಬಳ, ಬೇಟಾ ಅಂದರೆ ದಿನಭತ್ಯೆ. ಅವರ ಕಡೆ ಅದು ಹಿಂದಿನ ಸಂಜೆ ಹಂಚುವ ಒಂದು ಕಾಗದ: ನಾಳೆ ಯಾರು ಎಷ್ಟು ಗಂಟೆಗೆ ಎಲ್ಲಿಗೆ ಬರಬೇಕು, ಹವಾಮಾನ ಹೇಗಿದೆ, ಹತ್ತಿರದ ಆಸ್ಪತ್ರೆ ಯಾವುದು. ಒಂದೇ ಶಬ್ದ, ಎರಡು ಲೋಕ. ಮೊದಲ ವರ್ಷಗಳಲ್ಲಿ ಇದರಿಂದಲೇ ಜಗಳವಾಗಿದ್ದುಂಟು. "ನಾಳೆ ಎಷ್ಟು ಕಾಲ್‌ಶೀಟ್?" ಎಂದು ನಮ್ಮ ಲೈಟ್‌ಮ್ಯಾನ್ ಕೇಳಿದರೆ, ವಿದೇಶಿ ಎ.ಡಿ. (ಸಹಾಯಕ ನಿರ್ದೇಶಕ) ಬೆರಗಾಗಿ "ಒಂದೇ ಒಂದು, ಎಲ್ಲರಿಗೂ ಕಳಿಸಿದ್ದೇವಲ್ಲ" ಎಂದಿದ್ದರು. ಹದಿನಾರು ಗಂಟೆ ದುಡಿಸಿ ಒಂದೇ ಅನ್ನುತ್ತಾನಲ್ಲ ಎಂದು ಇವರು ಕೆಲಸ ನಿಲ್ಲಿಸಿ ಕೂತುಬಿಟ್ಟರು.

ಆ ಕಾಗದದ ಒಳಗೆ ಅವರಿಗೆ ಇನ್ನೊಂದು ಲೆಕ್ಕವಿದೆ. ಅದಕ್ಕೆ ಟರ್ನ್‌ಅರೌಂಡ್ ಅನ್ನುತ್ತಾರೆ: ಇವತ್ತಿನ ಪ್ಯಾಕಪ್ಪಿಗೂ ನಾಳೆಯ 'ಕಾಲ್'ಗೂ, ಅಂದರೆ ಕೆಲಸಕ್ಕೆ ಬರಬೇಕಾದ ಹೊತ್ತಿಗೂ, ನಡುವಿನ ಬಿಡುವು. ಬ್ರಿಟನ್ನಿನಲ್ಲಿ 1998ರ ನಿಯಮದ ಪ್ರಕಾರ ದಿನಕ್ಕೆ 11 ಗಂಟೆ ವಿಶ್ರಾಂತಿ ಕಾನೂನು. ಹಾಲಿವುಡ್ಡಿನ ತಂತ್ರಜ್ಞರ ಸಂಘ 2021ರಲ್ಲಿ ಮುಷ್ಕರದ ಅಂಚಿಗೆ ಹೋಗಿ 10 ಗಂಟೆಯ ಬಿಡುವನ್ನು ಒಪ್ಪಂದಕ್ಕೆ ಸೇರಿಸಿಕೊಂಡಿತು. ಅದು ಪುಕ್ಕಟೆ ಬಂದದ್ದಲ್ಲ. 1997ರ ಮಾರ್ಚಿನಲ್ಲಿ ಲಾಸ್ ಏಂಜಲೀಸಿನಲ್ಲಿ ಬ್ರೆಂಟ್ ಹರ್ಷ್‌ಮನ್ ಎಂಬ ಸಹಾಯಕ ಛಾಯಾಗ್ರಾಹಕ 19 ಗಂಟೆ ಕೆಲಸ ಮಾಡಿ, ಮನೆಗೆ ಕಾರು ಓಡಿಸಿಕೊಂಡು ಹೋಗುವಾಗ ತೂಕಡಿಸಿ, ಅಪಘಾತದಲ್ಲಿ ತೀರಿಕೊಂಡರು. ಹಿರಿಯ ಛಾಯಾಗ್ರಾಹಕ ಹ್ಯಾಸ್ಕೆಲ್ ವೆಕ್ಸ್ಲರ್ ಅಲ್ಲಿಂದಾಚೆಗೆ ತಮ್ಮ ಇಳಿವಯಸ್ಸನ್ನೇ 'ಹನ್ನೆರಡು ಗಂಟೆ ಕೆಲಸ, ಹನ್ನೆರಡು ಗಂಟೆ ಬಿಡುವು' ಎಂಬ ಬೇಡಿಕೆಗೆ ಸವೆಸಿದರು. ಇದನ್ನು ನನಗೆ ಹೇಳಿದ್ದು ಒಬ್ಬ ವಿದೇಶಿ ಗ್ಯಾಫರ್, ಅಂದರೆ ಲೈಟಿನವರ ಮುಖ್ಯಸ್ಥ, ಬಾದಾಮಿಯ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಕೂತು. ಅವರು ಹೇಳಿ ಮುಗಿಸಿದಾಗ ರಾತ್ರಿ ಹನ್ನೊಂದಾಗಿತ್ತು. ಅವರಿಗೆ ಮರುದಿನ ಹತ್ತಕ್ಕೆ ಕಾಲ್. ಅವರ ಕೈಕೆಳಗೆ ದುಡಿದ ನಮ್ಮ ಏಳು ಹುಡುಗರಿಗೆ ಐದಕ್ಕೆ. ಅವರು ಬರುವಷ್ಟರಲ್ಲಿ ಲೈಟು ಕಟ್ಟಿ ಸಿದ್ಧವಾಗಿರಬೇಕಲ್ಲ.

ಒಂದೇ ಸೆಟ್ಟಿನಲ್ಲಿ ಎರಡು ಗಡಿಯಾರ ಎಂದು ನಾನು ಹೇಳುವುದು ಇದನ್ನೇ. ಬಂದವರು ತಮ್ಮ ದೇಶದ ಕಾನೂನನ್ನು ಸೂಟ್‌ಕೇಸಿನಲ್ಲಿ ಜೊತೆಗೇ ತರುತ್ತಾರೆ, ಆದರೆ ಅದು ಅವರ ಪಾಸ್‌ಪೋರ್ಟಿಗೆ ಮಾತ್ರ ಅಂಟಿಕೊಂಡಿರುತ್ತದೆ. ಡ್ರೈವರುಗಳ ಕಥೆ ಇನ್ನೂ ಕೆಟ್ಟದ್ದು. ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುವವರು ಅವರು, ಆದರೆ ಗಾಡಿ ವೆಂಡರಿನ ಬಿಲ್ಲಿನಲ್ಲಿ ಕಿಲೋಮೀಟರ್ ಇರುತ್ತದೆ, ಡೀಸೆಲ್ ಇರುತ್ತದೆ, ಡ್ರೈವರ್ ಬೇಟಾ ಅಂತ ಒಂದು ಸಾಲು ಇರುತ್ತದೆ. ನಿದ್ದೆಯ ಗಂಟೆ ಇರುವುದಿಲ್ಲ. ದೊಡ್ಡ ಹೋಟೆಲುಗಳಲ್ಲಿ ಅತಿಥಿಗಳ ಡ್ರೈವರಿಗೆಂದು ಕೋಣೆಯೂ ಇರುವುದಿಲ್ಲ. ಸೀಟು ಹಿಂದಕ್ಕೆ ಬಾಗಿಸಿ, ಸೊಳ್ಳೆಬತ್ತಿ ಹಚ್ಚಿಕೊಂಡು ಅಲ್ಲೇ.

ಊಟದ ಬಗ್ಗೆ ನನಗೆ ದೂರಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ವಿದೇಶಿ ತಂಡ ಬಂದರೆ ಊಟ ಹೊತ್ತಿಗೆ ಸರಿಯಾಗಿ ಬರುತ್ತದೆ, ಕುಡಿಯುವ ನೀರು ಚೆನ್ನಾಗಿರುತ್ತದೆ. ಎರಡನೇ ವಾರಕ್ಕೆ ಅವರೇ ತಮ್ಮ ಪಾಸ್ತಾ ಬಿಟ್ಟು ನಮ್ಮ ಯೂನಿಟ್ ಸಾಲಿನಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿಗೆ ನಿಂತಿರುತ್ತಾರೆ.

ಅವರಿಂದ ಕಲಿತದ್ದೂ ಬಹಳ. ದಿನಾ ಬೆಳಿಗ್ಗೆ ಎಲ್ಲರನ್ನೂ ಸುತ್ತ ನಿಲ್ಲಿಸಿ ಇವತ್ತು ಎಲ್ಲೆಲ್ಲಿ ಅಪಾಯವಿದೆ ಎಂದು ಐದು ನಿಮಿಷ ಹೇಳುವುದು. ಎತ್ತರದಲ್ಲಿ ಕೆಲಸ ಮಾಡುವವನಿಗೆ ಬೆಲ್ಟು. ನೀರಿನ ದೃಶ್ಯವಿದ್ದರೆ ಈಜುಗಾರರು, ದೋಣಿ, ಆಂಬ್ಯುಲೆನ್ಸ್ ಸಿದ್ಧವಾಗುವವರೆಗೂ ಕ್ಯಾಮೆರಾ ಆನ್ ಆಗದಿರುವುದು. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ಹಾರಿದ ಅನಿಲ್ ಮತ್ತು ಉದಯ್ ಮೇಲೆ ಬರಲಿಲ್ಲ. ಆ ದೃಶ್ಯವನ್ನು ಟಿವಿಯಲ್ಲಿ ನೋಡಿದ ಯಾವ ಕನ್ನಡಿಗರೂ ಮರೆತಿಲ್ಲ. ಅಂದಿನಿಂದ ನನ್ನ ಜೊತೆ ಕೆಲಸ ಮಾಡುವ ಫೈಟರುಗಳು ನೀರಿನ ಶಾಟ್ ಬಂದರೆ ಮೊದಲು ದಡದ ಕಡೆ ನೋಡುತ್ತಾರೆ, ದೋಣಿ ಇದೆಯೇ ಎಂದು. ವಿದೇಶಿ ಸೆಟ್ಟಿನಲ್ಲಿ ದೋಣಿ ಇರುತ್ತದೆ. ಅದನ್ನು ಒಪ್ಪಿಕೊಳ್ಳದಿದ್ದರೆ ನಾನು ಬೇಕೆಂದೇ ಒಂದು ಕಡೆಯ ಕಥೆ ಹೇಳಿದಂತಾಗುತ್ತದೆ.

ಆದರೆ ಆ ಸುರಕ್ಷತೆಯ ಮಾತೆಲ್ಲ ಇಂಗ್ಲಿಷಿನಲ್ಲಿ. ಕಿರುಕುಳ ಕೊಡಬಾರದು, ಒಬ್ಬರನ್ನೊಬ್ಬರು ಗೌರವಿಸಬೇಕು ಎಂಬ ಒಂದು ಗಂಟೆಯ ತರಬೇತಿ ವಿಡಿಯೋ ಬಂದಿತ್ತು, ಕೊಂಡಿಯನ್ನು ಇಮೇಲಿನಲ್ಲಿ ಕಳಿಸಿದ್ದರು. ಲೈಟ್ ಹುಡುಗರಿಗೆ ಇಮೇಲ್ ಎಲ್ಲಿಂದ ಬರಬೇಕು? ಕೊನೆಗೆ ಕಲ್ಯಾಣಮಂಟಪವೊಂದರಲ್ಲಿ ಪರದೆ ಕಟ್ಟಿ ಎಲ್ಲರಿಗೂ ತೋರಿಸಿದೆವು. ಟೀ ಬಂತು, ಬಿಸ್ಕತ್ತು ಬಂತು, ಸಹಿ ಹಾಕಿಸಿಕೊಂಡೆವು. 'ಮನಸ್ಸಿಗೆ ಕಷ್ಟವಾದರೆ ಈ ನಂಬರಿಗೆ ಕರೆ ಮಾಡಿ' ಎಂದು ಗೋಡೆಗೆ ಅಂಟಿಸಿದ ಸಹಾಯವಾಣಿ ಹೊರದೇಶದ ಟೋಲ್ ಫ್ರೀ ನಂಬರು. ನಮ್ಮ ಮೊಬೈಲಿನಿಂದ ಅದಕ್ಕೆ ಕರೆಯೇ ಹೋಗುವುದಿಲ್ಲ. ನಾನೇ ಪ್ರಯತ್ನಿಸಿದ್ದೆ, ಒಂದು ರಾತ್ರಿ, ನನಗೇ ಬೇಕಾಗಿತ್ತು.

ಭಾಷೆಯ ವಿಷಯ ಬಂತಾದ್ದರಿಂದ ನಮ್ಮ 'ಆಗುತ್ತೆ' ಬಗ್ಗೆ ಒಂದು ಮಾತು. ವಿದೇಶಿ ಎ.ಡಿ. ಪ್ರಾಮಾಣಿಕವಾಗಿಯೇ ಕೇಳುತ್ತಾನೆ: ಆ ಬಂಡೆಯ ಮೇಲೆ ಲೈಟ್ ಇಡಬಹುದೇ, ಅಪಾಯವಿಲ್ಲವೇ? ನಾನು ಕನ್ನಡದಲ್ಲಿ ಕೇಳುತ್ತೇನೆ. ಲೈಟ್‌ಮ್ಯಾನ್ ಬಂಡೆ ನೋಡುತ್ತಾನೆ, ನನ್ನ ಮುಖ ನೋಡುತ್ತಾನೆ, "ಆಗುತ್ತೆ ಮೇಡಂ" ಅನ್ನುತ್ತಾನೆ. ನಾನು ಅದನ್ನು 'ಯೆಸ್' ಎಂದು ದಾಟಿಸುತ್ತೇನೆ. ಆ 'ಆಗುತ್ತೆ'ಯಲ್ಲಿ ಏನೆಲ್ಲ ಇದೆ! ಮಾಡಲೇಬೇಕಲ್ಲ ಎಂಬುದಿದೆ. ದೊಡ್ಡವರಿಗೆ ಎದುರಾಡಬಾರದು ಎಂಬುದಿದೆ. ನಾನು ಆಗಲ್ಲ ಅಂದರೆ ನಾಳೆ ವೆಂಡರ್ ಇನ್ನೊಬ್ಬನನ್ನು ಕಳಿಸುತ್ತಾನೆ ಎಂಬುದಿದೆ. ದೇವರು ದೊಡ್ಡವನು ಎಂಬುದೂ ಇದೆ. ಇಂಗ್ಲಿಷಿನ 'ಯೆಸ್'ನಲ್ಲಿ ಇದ್ಯಾವುದೂ ಇಲ್ಲ. ಎ.ಡಿ. ತನ್ನ ಫಾರಂನಲ್ಲಿ 'ಸ್ಥಳೀಯ ಸಿಬ್ಬಂದಿಯ ಒಪ್ಪಿಗೆ ಪಡೆಯಲಾಗಿದೆ' ಎಂದು ಬರೆದುಕೊಳ್ಳುತ್ತಾನೆ. ನಡುವೆ ನಿಂತವಳು ನಾನು, ಆ ದಿನದ ಶೆಡ್ಯೂಲ್ ಮುಗಿಸುವ ಹೊಣೆಯೂ ನನ್ನದೇ. ಹಾಗಿದ್ದಾಗ ನನ್ನ ತರ್ಜುಮೆಯನ್ನು ನಂಬಬಾರದು ಎಂದು ನಾನೇ ಹೇಳುತ್ತಿದ್ದೇನೆ. ಈ ಪ್ರಶ್ನೆಯನ್ನು ಕೇಳುವವರು ಕನ್ನಡ ಬಲ್ಲವರಾಗಿರಬೇಕು, ಸಂಬಳ ಕೊಡುವವರ ಕಡೆಯವರಾಗಿರಬಾರದು.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಬಿಗಿ. ಹತ್ತು ಮತ್ತು ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಚಿತ್ರೀಕರಣದ ಘಟಕಕ್ಕೂ ಅದು ಅನ್ವಯ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿತು. ಕಾಗದದ ಮೇಲೆ ಸಮಿತಿ ಇರುತ್ತದೆ, ಲೈನ್ ಕಂಪನಿಯ ಮುಂಬಯಿ ಆಫೀಸಿನಲ್ಲಿ. ಆನೆಗುಂದಿಯಲ್ಲಿ ಕೂದಲು ಬಾಚುವ ಹುಡುಗಿಗೆ ತೊಂದರೆಯಾದರೆ ಅವಳು ಹೇಳುವುದು ನನ್ನ ಹತ್ತಿರ ಅಥವಾ ಯಾರ ಹತ್ತಿರವೂ ಅಲ್ಲ. ಮಲಯಾಳಂ ಚಿತ್ರರಂಗದ ಹೆಣ್ಣುಮಕ್ಕಳ ಸ್ಥಿತಿ ಕುರಿತ ಕೇರಳದ ಹೇಮಾ ಸಮಿತಿಯ ವರದಿ 2024ರಲ್ಲಿ ಹೊರಬಂದಾಗ ಪತ್ರಿಕೆಗಳು ದೊಡ್ಡ ಹೆಸರುಗಳನ್ನು ಹುಡುಕಿದವು. ನಾನು ಓದಿ ನಿಂತದ್ದು ಶೌಚಾಲಯದ ಮಾತು ಬಂದಲ್ಲಿ. ವಿದೇಶಿ ಸೆಟ್ಟಿನಲ್ಲಿ ಟಾಯ್ಲೆಟ್ ವ್ಯಾನ್ ಬರುತ್ತದೆ, ನಿಜ. ಜೂನಿಯರ್ ಆರ್ಟಿಸ್ಟುಗಳು ಇನ್ನೂರು ಜನ ಬಂದ ದಿನವೂ ಅದೇ ಒಂದು ವ್ಯಾನ್.

ಬಂದವರೆಲ್ಲ ಸುಖವಾಗಿದ್ದಾರೆ ಎಂದುಕೊಳ್ಳಬೇಡಿ. ಅವರಲ್ಲೂ ಕೆಳಗಿನವರು ಕೆಳಗಿನವರೇ. ನನ್ನ ಜೊತೆ ಕೆಲಸ ಮಾಡಿದ ಒಬ್ಬ ಹುಡುಗಿ, ಇಪ್ಪತ್ತಮೂರು ವರ್ಷ, ಹಗಲು ನಮ್ಮ ಜೊತೆ ಸೆಟ್ಟಿನಲ್ಲಿ, ರಾತ್ರಿ ಲಾಸ್ ಏಂಜಲೀಸಿನವರು ಏಳುವ ಹೊತ್ತಿಗೆ ಅವರ ಜೊತೆ ಕರೆಯಲ್ಲಿ. ಇಲ್ಲಿಗೂ ಅಲ್ಲಿಗೂ ಹದಿಮೂರೂವರೆ ಗಂಟೆಯ ಅಂತರ, ಬೇಸಿಗೆಯಲ್ಲಿ ಅವರು ಗಡಿಯಾರ ತಿರುಗಿಸಿದಾಗ ಹನ್ನೆರಡೂವರೆ. ಮೂರನೇ ವಾರ ಬಿಸಿಲು ಹೊಡೆದು ಬಿದ್ದಳು. ನಮ್ಮ ಕಾಸ್ಟ್ಯೂಮರ್ ಅಮ್ಮ ಒಬ್ಬರು ಮಜ್ಜಿಗೆಗೆ ಉಪ್ಪು ಹಾಕಿ ಕುಡಿಸಿ, ತಲೆಗೆ ಎಣ್ಣೆ ತಟ್ಟಿ ಮಲಗಿಸಿದರು. ಆ ಸಿಬ್ಬಂದಿ ಕೈಪಿಡಿಯಲ್ಲಿ ಬರೆದಿದ್ದ ಯಾವ ಸೌಲಭ್ಯಕ್ಕಿಂತಲೂ ಮೊದಲು ಬಂದದ್ದು ಅದು.

ಷರತ್ತು ಹಾಕಿದರೆ ಇವರೆಲ್ಲ ಶ್ರೀಲಂಕಾಕ್ಕೋ ಥಾಯ್ಲೆಂಡಿಗೋ ಹೊರಟುಹೋಗುತ್ತಾರೆ ಎಂದು ನಿಮಗೆ ಸಲಹೆ ಕೊಡುವವರು ಹೇಳುತ್ತಾರೆ. ಈ ಭಯಕ್ಕೆ ಒಂದು ಇತಿಹಾಸವಿದೆ. 2010ರಲ್ಲಿ ನ್ಯೂಜಿಲೆಂಡಿನಲ್ಲಿ 'ದಿ ಹಾಬಿಟ್' ಚಿತ್ರಗಳ ಹೊತ್ತಿನಲ್ಲಿ ನಟರ ಸಂಘ ಸಾಮೂಹಿಕ ಒಪ್ಪಂದ ಕೇಳಿತು. ಚಿತ್ರೀಕರಣವೇ ಬೇರೆ ದೇಶಕ್ಕೆ ಹೋಗುತ್ತದೆ ಎಂಬ ಗಾಬರಿ ಹಬ್ಬಿತು. ಅಲ್ಲಿಯ ಸರ್ಕಾರ ಅಕ್ಟೋಬರಿನಲ್ಲಿ ತರಾತುರಿಯಿಂದ ಕಾನೂನನ್ನೇ ತಿದ್ದಿ, ಚಿತ್ರೋದ್ಯಮದಲ್ಲಿ ದುಡಿಯುವವರು ನೌಕರರಲ್ಲ, ಗುತ್ತಿಗೆದಾರರು ಎಂದು ಮಾಡಿತು. ಮೇಲೆ ವಾರ್ನರ್ ಬ್ರದರ್ಸಿಗೆ ಸಹಾಯಧನವನ್ನೂ ಹೆಚ್ಚಿಸಿತು. ಹನ್ನೆರಡು ವರ್ಷ ಬೇಕಾಯಿತು ಅದರಿಂದ ಸ್ವಲ್ಪ ಹಿಂದೆ ಸರಿಯಲು. 2022ರ ಕಾಯ್ದೆ ಗುತ್ತಿಗೆದಾರರಾಗಿಯೇ ಉಳಿದವರಿಗೂ ಒಟ್ಟಾಗಿ ಚೌಕಾಸಿ ಮಾಡುವ ಹಕ್ಕು ಕೊಟ್ಟಿತು, ಕಿರುಕುಳದ ದೂರಿಗೆ ಒಪ್ಪಂದದಲ್ಲೇ ದಾರಿಯಿರಬೇಕು ಎಂದಿತು. ಅಲ್ಲಿ ಇವತ್ತಿಗೂ ಕ್ಯಾಮೆರಾ ನಿಂತಿಲ್ಲ. ನಾನು ಕಂಡಂತೆ, ಬರುವವರಿಗೆ ನಿಯಮದ ಭಯವಿಲ್ಲ. ನಿಯಮ ಕೊನೆಯ ಗಳಿಗೆಯಲ್ಲಿ ಬದಲಾಗುವ ಭಯವಿದೆ. ಮೊದಲೇ ಬರೆದಿಟ್ಟರೆ ಬಜೆಟ್ಟಿನಲ್ಲಿ ಒಂದು ಸಾಲು ಸೇರಿಸಿಕೊಂಡು ಬರುತ್ತಾರೆ. ತಮ್ಮ ದೇಶದಲ್ಲಿ ದಿನಾ ಮಾಡುವುದನ್ನೇ ಇಲ್ಲಿಯೂ ಮಾಡಿ ಎಂದರೆ ಅವರಿಗೆ ಆಶ್ಚರ್ಯವೂ ಆಗುವುದಿಲ್ಲ. ಆಶ್ಚರ್ಯವಾಗುವುದು ನಮ್ಮ ಲೈನ್ ಕಂಪನಿಗಳಿಗೆ, ನನ್ನಂಥವರಿಗೆ.

ಅಷ್ಟಕ್ಕೂ ನಮಗೆ ಇದು ಹೊಸ ನಂಟಲ್ಲ. 1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದು ಕಾರಾಪುರದ ಮಾವುತನ ಮಗ ಸಾಬುವನ್ನು ಆನೆಯ ಮೇಲೆ ಕೂರಿಸಿ ಚಿತ್ರ ಮಾಡಿದ. ಆ ಹುಡುಗ ಹಾಲಿವುಡ್ಡಿನವರೆಗೆ ಹೋದ. ಬ್ರಿಟಿಷ್ ನಿರ್ದೇಶಕ ಡೇವಿಡ್ ಲೀನ್ ತಮ್ಮ ಕೊನೆಯ ಚಿತ್ರ 'ಎ ಪ್ಯಾಸೇಜ್ ಟು ಇಂಡಿಯಾ'ಕ್ಕೆ ಬೆಂಗಳೂರು ಅರಮನೆಯ ಆವರಣದಲ್ಲಿ ಬಜಾರು ಕಟ್ಟಿಸಿದರು, ಸಾವನದುರ್ಗದ ಬಂಡೆಯಲ್ಲಿ ಗವಿಯ ಬಾಯಿ ಕೊರೆಸಿದರು. ಆ ಗುರುತು ನೋಡಲು ಈಗಲೂ ಜನ ಬೆಟ್ಟ ಹತ್ತುತ್ತಾರೆ. ಕೊರೆದವರ ಹೆಸರು ಕೇಳಿದರೆ ಯಾರಿಗೂ ಗೊತ್ತಿಲ್ಲ.

ಮುಖ್ಯಮಂತ್ರಿಗಳೇ, ನಿಮಗೆ ಬೇರೆಯಾಗಿ ಎರಡು ಮಾತು. ಅಂತರರಾಷ್ಟ್ರೀಯ ಚಿತ್ರದ ಕೆಲಸ ಎಂದರೆ ಹ್ಯಾಲೊಜನ್ ದೀಪ, ಟ್ರಾಲಿ ಮಾತ್ರವಲ್ಲ. ಅದರ ದೊಡ್ಡ ಪಾಲು ಬೆಂಗಳೂರಿನ ಹವಾನಿಯಂತ್ರಿತ ಕೋಣೆಗಳಲ್ಲಿ, ಕಂಪ್ಯೂಟರಿನ ಮುಂದೆ, ವಿಷುಯಲ್ ಎಫೆಕ್ಟ್ಸ್ ಹೆಸರಿನಲ್ಲಿ ನಡೆಯುತ್ತದೆ. ಆನಿಮೇಷನ್, ಗೇಮಿಂಗಿಗೆ ನೀತಿ ತಂದ ಮೊದಲ ರಾಜ್ಯ ನಮ್ಮದು, 2024ರಲ್ಲಿ ಮೂರನೇ ಆವೃತ್ತಿಯೂ ಬಂತು, 30,000 ಉದ್ಯೋಗದ ಗುರಿಯೂ ಅದರಲ್ಲಿದೆ. ಮರುವರ್ಷ ಫೆಬ್ರವರಿಯಲ್ಲಿ ವಿಷುಯಲ್ ಎಫೆಕ್ಟ್ಸಿನ ಫ್ರೆಂಚ್ ಕಂಪನಿ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರು, ಮುಂಬಯಿಯ ಸಾವಿರಾರು ಕಲಾವಿದರು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಕೆಲಸವಿಲ್ಲದವರಾದರು. ತೀರ್ಮಾನವಾದದ್ದು ಪ್ಯಾರಿಸ್ಸಿನಲ್ಲಿ, ಲಂಡನ್ನಿನಲ್ಲಿ. ಬಾಡಿಗೆ ಕಟ್ಟಬೇಕಾದದ್ದು ಮಾರತ್ತಹಳ್ಳಿಯಲ್ಲಿ. ಹೊರಗಿನ ಸರಣಿಯ ಕೊನೆಯ ಕೊಂಡಿಯಾಗಿ ದುಡಿಯುವುದರ ಅರ್ಥ ಲೈಟ್ ಹುಡುಗನಿಗೂ, ಆ ಕಲಾವಿದೆಗೂ ಒಂದೇ.

2024ರಲ್ಲಿ ನೀವೇ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಕಾಯ್ದೆ ತಂದಿರಿ. ಟಿಕೆಟಿನ ಮೇಲೆ, ಒಟಿಟಿ ಚಂದಾದ ಮೇಲೆ ಶೇ 1ರಿಂದ 2ರಷ್ಟು ಸೆಸ್ ಎಂದಿರಿ. ಆ ನಿಧಿಯಲ್ಲಿ ವಿದೇಶಿ ಚಿತ್ರೀಕರಣಕ್ಕೆ ದುಡಿದ ದಿನಗಳೂ ದಾಖಲಾಗಲಿ. ನಾನು ಕಳಿಸುವ ಕಾಲ್‌ಶೀಟಿನ ಪ್ರತಿಯೇ ಅದಕ್ಕೆ ಸಾಕ್ಷಿಯಾಗಬಹುದು. ಮೈಸೂರಿನಲ್ಲಿ 150 ಎಕರೆಯಲ್ಲಿ ಚಿತ್ರನಗರಿ ಕಟ್ಟುವ ನಕ್ಷೆ ತಯಾರಾಗುವಾಗ, ಹೆಲಿಪ್ಯಾಡ್ ಎಲ್ಲಿ ಎಂದು ಯಾರಾದರೂ ಕೇಳುವ ಮೊದಲು, ಡ್ರೈವರುಗಳೂ ಯೂನಿಟ್ ಹುಡುಗರೂ ಮಲಗಲು ಫ್ಯಾನು, ಸ್ನಾನದ ಮನೆ ಇರುವ ಕೋಣೆ ಎಲ್ಲಿ ಎಂದು ಕೇಳಿಬಿಡಿ.

ಸಚಿವರೇ, ನಿಮ್ಮಿಂದ ಬೇಕಾದದ್ದು ಒಂದು ಪುಟ. ಪ್ರೋತ್ಸಾಹಧನದ ಅರ್ಜಿಗೆ ಇನ್ನೊಂದೇ ಪುಟ ಸೇರಿಸಿ. ವೆಂಡರಿನ ಕಡೆಯವರೂ ಸೇರಿ ಪ್ರತಿಯೊಬ್ಬರ ಹೆಸರು, ಬಂದ ಹೊತ್ತು, ಹೋದ ಹೊತ್ತು, ಮತ್ತೆ ಬಂದ ಹೊತ್ತು ಅದರಲ್ಲಿರಲಿ. ಈ ಮಾಹಿತಿಯೆಲ್ಲ ನಮ್ಮ ಬಳಿ ದಿನಾ ಇದ್ದೇ ಇರುತ್ತದೆ, ನಿಮಗೆ ಕೊಡುತ್ತಿಲ್ಲ ಅಷ್ಟೆ. ನಡುವಿನ ಬಿಡುವು ಹತ್ತು ಗಂಟೆಗಿಂತ ಕಡಿಮೆಯಾದ ದಿನದ ಖರ್ಚನ್ನು ಅರ್ಹ ಖರ್ಚಿನಿಂದ ತೆಗೆದುಬಿಡಿ. ಒಂದೇ ಒಂದು ಚಿತ್ರಕ್ಕೆ ಹೀಗೆ ಮಾಡಿದರೆ ಸಾಕು, ಮುಂದಿನ ತಿಂಗಳಿಂದ ಎಲ್ಲ ಗಾಡಿಗೂ ಇಬ್ಬರು ಡ್ರೈವರ್ ಬರುತ್ತಾರೆ. ಕಲ್ಲಿಗೆ ಠೇವಣಿ ಇಡಿಸಿಕೊಂಡಂತೆ ಕೂಲಿಗೂ ಠೇವಣಿ ಇಡಿಸಿ. ಕೊನೆಯ ಕಂತು ಬಿಡುವ ಮೊದಲು ಲೈಟ್ ಹುಡುಗನ ಖಾತೆಗೆ ದುಡ್ಡು ಬಿದ್ದದ್ದನ್ನು ತೋರಿಸಲಿ. ಅವನಿಗೂ ಫೋನ್ ಪೇ ಇದೆ, ಅದೇನು ಕಷ್ಟವಲ್ಲ. ದೊಡ್ಡ ಸೆಟ್ಟಿಗೆ ಆಯಾ ರಾಜ್ಯದ ಭಾಷೆ ಬಲ್ಲ ಒಬ್ಬ ಕಾರ್ಮಿಕ ಅಧಿಕಾರಿ ಇರಲಿ, ಅವರ ಸಂಬಳ ನಿಮ್ಮ ನಿಧಿಯಿಂದ ಹೋಗಲಿ, 'ಆಗುತ್ತೆ' ಎಂದವನನ್ನು ಪಕ್ಕಕ್ಕೆ ಕರೆದು "ನಿಜವಾಗ್ಲೂ ಆಗುತ್ತೇನಪ್ಪಾ?" ಎಂದು ಇನ್ನೊಮ್ಮೆ ಕೇಳುವುದೇ ಅವರ ಕೆಲಸವಾಗಿರಲಿ.

ಹಿರಿಯೂರಿನ ಆ ಡ್ರೈವರ್ ಈಗಲೂ ಇದೇ ಲೈನಿನಲ್ಲಿದ್ದಾರೆ. ಚಳಿಗಾಲದಲ್ಲಿ ಎಡ ತೋಳು ಮೇಲೆತ್ತಲು ಕಷ್ಟ ಎನ್ನುತ್ತಾರೆ, ಗೇರಿಗೆ ಅಷ್ಟು ಎತ್ತುವುದು ಬೇಡವಲ್ಲ ಎಂದು ನಗುತ್ತಾರೆ. ಮುಂದಿನ ತಿಂಗಳು ಪಟ್ಟದಕಲ್ಲಿನಲ್ಲಿ ಒಂಬತ್ತು ದಿನದ ಕೆಲಸ ಬಂದಿದೆ, ಅವರನ್ನೇ ಕರೆದಿದ್ದೇನೆ. ಬಜೆಟ್ಟಿನಲ್ಲಿ 'ಎರಡನೇ ಡ್ರೈವರ್, ವಾಪಸು ಪ್ರಯಾಣ' ಎಂದು ಒಂದು ಸಾಲು ಬರೆದು ಕಳಿಸಿದ್ದೆ. ಹೊರದೇಶದ ಆಫೀಸಿನಿಂದ ನಿನ್ನೆ ಆ ಹಾಳೆ ತಿರುಗಿ ಬಂತು. ಆ ಸಾಲಿಗೆ ಹಳದಿ ಬಣ್ಣ ಬಳಿದಿದ್ದಾರೆ. ಹಳದಿ ಎಂದರೆ 'ಇದು ಬೇಕೇ, ಚರ್ಚಿಸೋಣ' ಎಂದು.

ಚರ್ಚೆ ಗುರುವಾರ. ಅಷ್ಟರೊಳಗೆ ನಿಮ್ಮಿಂದ ಉತ್ತರ ಬರುವುದಿಲ್ಲ ಎಂದು ಗೊತ್ತು. ಆದರೂ ಈ ಪತ್ರದ ಪ್ರತಿಯನ್ನು ಅವರಿಗೂ ಕಳಿಸುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪ್ರೊಡಕ್ಷನ್ ಕೋಆರ್ಡಿನೇಟರ್
ಬೆಂಗಳೂರು